ಅಪ್‌ಡೇಟ್: 1000 ಕೆಲ್ವಿನ್‌ನಲ್ಲಿ ಜಾರುತ್ತಿದ್ದ ಇಎಂಎಫ್ ಈಗ ನಿಂತಿದೆ

ಕೇಳಿದ್ದು ಇಷ್ಟು: ಯಿಟ್ರಿಯಾ ಬೆರೆಸಿದ ಜಿರ್ಕೋನಿಯಾ ವಿದ್ಯುದ್ವಿಭಾಜ್ಯದ (ಆಕ್ಸಿಜನ್ ಅಯಾನುಗಳನ್ನು ಸಾಗಿಸುವ ಘನ ಪದಾರ್ಥ) ಒಂದು ಬದಿಗೆ ನಿಕಲ್–ನಿಕಲ್ ಆಕ್ಸೈಡ್, ಇನ್ನೊಂದು ಬದಿಗೆ ತಾಮ್ರ–ಕ್ಯೂಪ್ರಸ್ ಆಕ್ಸೈಡ್. ಈ ಕೋಶದ ಇಎಂಎಫ್ (ಪ್ರವಾಹ ಹರಿಯದಾಗ ಎರಡು ಬದಿಗಳ ನಡುವಿನ ವೋಲ್ಟೇಜ್) ಸುಮಾರು 278 ಮಿಲಿವೋಲ್ಟ್ ಬರಬೇಕಾದಲ್ಲಿ ಕಡಿಮೆ ಬಂದು, ಇಳಿಯುತ್ತಲೇ ಇತ್ತು.

ಸುಳಿವು ಕೊಟ್ಟದ್ದು ಅನಿಲದ ಹರಿವು. ಆರ್ಗಾನ್ ವೇಗ ಬದಲಿಸಿದರೆ ಇಎಂಎಫ್ ಕೂಡ ಅಲುಗಾಡುತ್ತಿತ್ತು. ಸರಿಯಾದ ಕೋಶದಲ್ಲಿ ಹಾಗಾಗಬಾರದು. ನಿಕಲ್ ಬದಿಯ ಸಮತೋಲನ ಆಕ್ಸಿಜನ್ ಒತ್ತಡ ಸುಮಾರು 10⁻¹⁶ ಬಾರ್, ತಾಮ್ರದ್ದು 10⁻¹⁰. ಆರ್ಗಾನ್‌ನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಆಕ್ಸಿಜನ್ ಉಳಿದರೂ ಅದು 10⁻⁶ ಬಾರ್! ಪಾಪ, ನಿಕಲ್ ಮೇಲ್ಮೈ ಮೊದಲು ಪೋಲರೈಸ್ ಆಗುತ್ತದೆ, ಅಂದರೆ ತನ್ನ ಸಮತೋಲನದ ಮೌಲ್ಯದಿಂದ ಸರಿಯುತ್ತದೆ.

ಪರಿಹಾರ: ಎರಡೂ ಬದಿಗೆ ಬೇರೆ ಬೇರೆ ಕೊಠಡಿ, ಬೇರೆ ಅನಿಲ. ಆರ್ಗಾನ್ ಬಿಸಿ ಟೈಟೇನಿಯಂ ಸ್ಪಂಜಿನ ಮೂಲಕ; ಅದು ಉಳಿದ ಆಕ್ಸಿಜನ್ ಹೀರುತ್ತದೆ. ಇದರಲ್ಲೇ ಬಹುಪಾಲು ಸರಿಹೋಯಿತು. ಪ್ಲಾಟಿನಂ ತಂತಿ ನಿಕಲ್ ಜೊತೆ ಮಿಶ್ರಲೋಹವಾಗದಂತೆ ನಡುವೆ ನಿಕಲ್ ತುಂಡು ಬೆಸೆಯಿರಿ. ಅದರ ಎರಡೂ ತುದಿ ಒಂದೇ ತಾಪದಲ್ಲಿರಲಿ, ಇಲ್ಲದಿದ್ದರೆ ಥರ್ಮೋ-ಇಎಂಎಫ್ (ತಾಪದ ವ್ಯತ್ಯಾಸದಿಂದ ಹುಟ್ಟುವ ವೋಲ್ಟೇಜ್) ಸೇರಿಕೊಳ್ಳುತ್ತದೆ.

ಅಳತೆಯನ್ನು ನಂಬುವ ಮುನ್ನ ಕೋಶದ ಎರಡು ತಂತಿಗಳನ್ನು ಕ್ಷಣಕಾಲ ಶಾರ್ಟ್ ಮಾಡಿ ಬಿಡಿ: ಅದೇ ಮೌಲ್ಯಕ್ಕೆ ಮರಳಬೇಕು. ಬಿಸಿ ಮಾಡುವಾಗಲೂ ತಣಿಸುವಾಗಲೂ ಒಂದೇ ಗೆರೆ ಬರಬೇಕು. ಎರಡೂ ಬದಿಗೆ ನಿಕಲ್ ಮಿಶ್ರಣವನ್ನೇ ತುಂಬಿದರೆ ಸೊನ್ನೆ. ಆಮೇಲಷ್ಟೇ ΔG = −2FE ಹಾಕಿ (ΔG ಕ್ರಿಯೆಯ ಗಿಬ್ಸ್ ಶಕ್ತಿಯ ಬದಲಾವಣೆ, F ಫ್ಯಾರಡೆ ಸ್ಥಿರಾಂಕ, E ಇಎಂಎಫ್).