ಹತ್ತು ದಿನ ಊರಿಗೆ ಹೋದರೆ ಇಳಿಸಿದ ತೂಕ ವಾಪಸ್ ಬರುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 41 ವರ್ಷ, ಬೆಂಗಳೂರಿನಲ್ಲಿ ಕೆಲಸ. ವಾರಕ್ಕೆ ನಾಲ್ಕು ದಿನ ಸೈಕಲ್ ತುಳಿದು, ಊಟ ಹಿಡಿತದಲ್ಲಿಟ್ಟು 86 ಕೆಜಿಯಿಂದ 79ಕ್ಕೆ ಬಂದಿದ್ದೇನೆ. ಈಗ ಮನೆಯವರೆಲ್ಲ ಸೇರಿ ಹತ್ತು ದಿನ ಕರಾವಳಿಗೆ ಹೊರಟಿದ್ದೇವೆ. ಉಡುಪಿ, ಕೊಲ್ಲೂರು, ಮುರುಡೇಶ್ವರ, ಮಧ್ಯೆ ಕುಂದಾಪುರದ ಹತ್ತಿರ ಹೆಂಡತಿಯ ತವರು. ಅತ್ತೆ ಬಡಿಸುವಾಗ ಬೇಡ ಅನ್ನಲು ಆಗುವುದಿಲ್ಲ. ಕಾರಿನಲ್ಲಿ ಸೈಕಲ್ಲಿಗೆ ಜಾಗವಿಲ್ಲ. ಏನು ಮಾಡಲಿ?

ಉತ್ತರ (ಡಯಟಿಷಿಯನ್): ನಮಸ್ಕಾರ. ಈ ಹತ್ತು ದಿನ ತೂಕ ಇಳಿಸುವ ಯೋಚನೆ ಬಿಡಿ. ಇದ್ದಲ್ಲೇ ಇದ್ದರೆ ಸಾಕು.

ಒಂದು ಕೆಜಿ ಕೊಬ್ಬು ಸೇರಲು ಸುಮಾರು 7,700 ಕ್ಯಾಲೊರಿ ಜಾಸ್ತಿ ತಿಂದಿರಬೇಕು. ದಿನಕ್ಕೆ 300 ಹೆಚ್ಚಾದರೂ ಹತ್ತು ದಿನಕ್ಕೆ 3,000. ಅರ್ಧ ಕೆಜಿಯೂ ಆಗುವುದಿಲ್ಲ. ಆದರೆ ವಾಪಸ್ ಬಂದ ಮರುದಿನ ಮೆಷಿನ್ ಎರಡು ಕೆಜಿ ಜಾಸ್ತಿ ತೋರಿಸಬಹುದು. ಅದರಲ್ಲಿ ಹೆಚ್ಚಿನದು ನೀರು. ಅನ್ನ, ಸಿಹಿ ಜಾಸ್ತಿಯಾದಾಗ ದೇಹ ಅದನ್ನು ಗ್ಲೈಕೋಜೆನ್ ಮಾಡಿ ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಉಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳದ ಉಪ್ಪಿನಿಂದ ಇನ್ನಷ್ಟು. ಅದಕ್ಕೇ ಬಂದ ತಕ್ಷಣ ತೂಕ ನೋಡಬೇಡಿ. ಒಂದು ವಾರ ಮಾಮೂಲಿ ಊಟ ಮಾಡಿ, ಆಮೇಲೆ ನೋಡಿ. ಆ ಎರಡು ಕೆಜಿಗೆ ಹೆದರಿ ಉಪವಾಸ ಶುರು ಮಾಡಿ, ಸುಸ್ತಾಗಿ, ಕೊನೆಗೆ ಸೈಕಲ್ಲನ್ನೂ ಬಿಡುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅತ್ತೆಯ ಕೈ ಊಟ ಖಂಡಿತ ಮಾಡಿ. ಪಲ್ಯ, ಕಡಲೆ ಗಸಿ ಎರಡು ಸಲ ಹಾಕಿಸಿಕೊಳ್ಳಿ, ಅನ್ನ ಒಂದೇ ಸಲ. ಮೀನು ತಿನ್ನುವವರಾದರೆ ಬಂಗುಡೆ ಸಾರು ಒಳ್ಳೆಯದೇ, ಹುರಿದದ್ದು ಕಡಿಮೆ ಇರಲಿ. ನೀರುದೋಸೆ ಹಗುರ ಅನಿಸುತ್ತದೆ, ಆದರೆ ಅದೂ ಅಕ್ಕಿಯೇ ಅಲ್ವಾ? ಎಷ್ಟು ತಿಂದೆವು ಅನ್ನುವುದೇ ಗೊತ್ತಾಗುವುದಿಲ್ಲ. ಗೋಳಿಬಜೆ ತಿಂದ ದಿನ ಗಡ್‌ಬಡ್ ಐಸ್‌ಕ್ರೀಮ್ ಬೇಡ, ನಾಳೆಗಿರಲಿ. ಹೋದ ಮನೆಯಲ್ಲೆಲ್ಲ ಕಾಫಿ ಕೊಡುತ್ತಾರೆ. ಐದು ಲೋಟಕ್ಕೆ ಎರಡೆರಡು ಚಮಚ ಸಕ್ಕರೆ ಅಂದರೆ ಸುಮಾರು 200 ಕ್ಯಾಲೊರಿ. ಸಕ್ಕರೆ ಬೇಡ ಅಂದರೆ ಯಾರಿಗೂ ಬೇಸರವಾಗುವುದಿಲ್ಲ.

ಇನ್ನು ಸೈಕಲ್. ಅಲ್ಲೇ ಯಾರದ್ದಾದರೂ ಸಿಗುತ್ತಾ ನೋಡಿ. ಕೆಲವು ವಾರ ತುಳಿಯುವ ದಿನಗಳನ್ನು ವಾರಕ್ಕೆ ಎರಡಕ್ಕೆ ಇಳಿಸಿದರೂ ದಮ್ಮು ಹಾಗೇ ಉಳಿಯುತ್ತದೆ, ಆದರೆ ಆ ಎರಡು ದಿನ ಜೋರಾಗಿ ತುಳಿಯಬೇಕು. ಹತ್ತು ನಿಮಿಷ ನಿಧಾನವಾಗಿ, ಆಮೇಲೆ ಒಂದು ನಿಮಿಷ ಜೋರು, ಎರಡು ನಿಮಿಷ ನಿಧಾನ, ಹೀಗೆ ಆರು ಸಲ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮನೆಯವರು ಏಳುವ ಮೊದಲೇ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಆಸೆಯಾಗುತ್ತದೆ, ನಿಜ. ಆದರೆ ಅದು ಹೆದ್ದಾರಿ 66, ಬಸ್ಸು ಲಾರಿಗಳ ಓಟ. ಅಲ್ಲಿ ಸೈಕಲ್ ಬೇಡವೇ ಬೇಡ. ಊರೊಳಗಿನ ರಸ್ತೆ ಸಾಕು. ಸೈಕಲ್ ಸಿಗದ ದಿನ ಒಣ ಮರಳಿನಲ್ಲಿ ಬಿರುಸಾಗಿ ನಡೆಯಿರಿ. ಗಟ್ಟಿ ನೆಲಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಖರ್ಚಾಗುತ್ತದೆ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಬಾಮೈದನ ಹಳೇ ಸೈಕಲ್ ಇದೆ. ಹೋದ ಸಲ ಅದನ್ನು ತುಳಿದು ಮಂಡಿ ನೋವು ಬಂದಿತ್ತು.

ಉತ್ತರ: ಸೀಟು ಕೆಳಗಿದ್ದಿರಬೇಕು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸ್ವಲ್ಪವೇ ಮಡಿಚಿರುತ್ತದೆ. ಹೊರಡುವ ಮೊದಲು ಎರಡೂ ಬ್ರೇಕ್ ಒತ್ತಿ ನೋಡಿ, ಗಾಳಿ ತುಂಬಿಸಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ಶುಗರ್ ಮಾತ್ರೆ ತಗೊಳ್ತೇನೆ. ಪ್ರವಾಸದಲ್ಲಿ ಖಾಲಿ ಹೊಟ್ಟೆಯಲ್ಲಿ ಸೈಕಲ್ ತುಳಿಯಬಹುದಾ?

ಉತ್ತರ: ಯಾವ ಮಾತ್ರೆ ಅನ್ನುವುದು ಮುಖ್ಯ. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಖಾಲಿ ಹೊಟ್ಟೆಯಲ್ಲಿ ತುಳಿಯಬೇಡಿ. ಪ್ರವಾಸದಲ್ಲಿ ಊಟದ ಹೊತ್ತು ಹೆಚ್ಚುಕಮ್ಮಿ ಆಗೇ ಆಗುತ್ತದೆ, ಆಗ ಅಪಾಯ ಜಾಸ್ತಿ. ಹೊರಡುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಮಾತ್ರೆಯ ಸಮಯ ಕೇಳಿಕೊಳ್ಳಿ. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ. ಕೈ ನಡುಗಿದರೆ, ಬೆವರಿದರೆ, ತಲೆ ಸುತ್ತಿದರೆ ತಕ್ಷಣ ಇಳಿದು ಅದನ್ನು ತಿನ್ನಿ. ಒಬ್ಬರೇ ದೂರ ಹೋಗಬೇಡಿ.