ಚಿಂಚೋಳಿ ಗುಡ್ಡದಾಗ ಏಪ್ರಿಲ್ ತಿಂಗಳು ಕುಡಿಯೋ ನೀರು ಎಲ್ಲಿ ಹುಡುಕಬೇಕ್ರಿ?

ಮುಲ್ಲಾಮಾರಿ_ದಂಡಿ:
ಹಕ್ಕಿ ನೋಡ್ಲಿಕ್ಕೆ ನಾವು ಒಂದಿಷ್ಟು ಮಂದಿ ಚಿಂಚೋಳಿ ಕಾಡಿನಾಗ ಎರಡು ದಿನ ನಡಿಯೋರಿದ್ದೀವಿ. ಅರಣ್ಯ ಇಲಾಖೆ ಪರವಾನಗಿ ತಗೊಂಡೇ ಹೋಗ್ತೀವಿ. ಜಾಗ ಹೊಸಾದು. ನಕಾಶದಾಗ ಹಳ್ಳ ಬೇಕಾದಷ್ಟು ಅವ, ಆದ್ರ ಬ್ಯಾಸಿಗ್ಯಾಗ ಯಾವುದರಾಗ ನೀರು ಇರ್ತದ ಅನ್ನೋದು ಹೆಂಗ ತಿಳಿಬೇಕು? ಒಬ್ಬೊಬ್ರು ಎಷ್ಟು ಲೀಟರ್ ಹೊರಬೇಕು?

ಕೆಂಪು_ಮುರುಮ:
ನೀಲಿ ಗೆರಿ ನಂಬಬ್ಯಾಡ್ರಿ. ಕಲ್ಲು ನೋಡ್ರಿ. ಚಿಂಚೋಳಿಯಿಂದ ಬೀದರ್ ತನಕ ಗುಡ್ಡದ ತಲಿಮ್ಯಾಲ ತೂತುತೂತಿನ ಕೆಂಪು ಕಲ್ಲು, ಜಂಬಿಟ್ಟಿಗಿ, ಕೂತದ. ಮಳಿ ನೀರು ಅದರಾಗ ಇಳೀತದ. ಅದರ ತೆಳಗ ಬಿಳಿ ಇಲ್ಲಾ ನಸುಗೆಂಪು ಜೇಡಿಮಣ್ಣು, ಅದರ ತೆಳಗ ಕರಿಕಲ್ಲು. ಜೇಡಿ ನೀರು ಕೆಳಗ ಬಿಡಂಗಿಲ್ಲ. ಹಂಗಾಗಿ ನೀರು ಅಡ್ಡ ಹರದು, ಕೆಂಪು ಕಲ್ಲು ಮುಗಿಯೋ ಅಂಚಿನಾಗ ಝರಿಯಾಗಿ ಹೊರಗ ಬರ್ತದ. ಬೀದರಿನ ಪಾಪನಾಶ, ನರಸಿಂಹ ಝರಣಿ ಎರಡೂ ಇದೇ ಲೆಕ್ಕದವು. ಬಹಮನಿ ಕಾಲದ ನೌಬಾದ್ ಸುರಂಗ ಬಾವಿಯೂ ಈ ಕೆಂಪು ಕಲ್ಲಿನ ನೀರನ್ನೇ ಊರಿಗೆ ತಂದದ್ದು.

ಅಂದ್ರ ಗುಡ್ಡದ ತುದಿಯಲ್ಲೂ ಅಲ್ಲ, ತಳದಲ್ಲೂ ಅಲ್ಲ, ಬಣ್ಣ ಬದಲಾಗೋ ಎತ್ತರದಾಗ ಹುಡುಕಬೇಕು. ಅದರಾಗೂ ಕಣಿವಿ ಶುರುವಾಗೋ ಮೂಲಿ ಮೊದಲು. ಒಂದು ಝರಿ ಸಿಕ್ಕಿತಂದ್ರ ಕೆಳಗ ಇಳೀಬ್ಯಾಡ್ರಿ, ಹೆಚ್ಚುಕಡಿಮಿ ಅದೇ ಎತ್ತರ ಹಿಡದು ಬಾಜೂಕಿನ ಕಣಿವಿಗೆ ಹೋಗ್ರಿ.

ಹೊರಡೋಕಿಂತ ಮೊದಲು ಉಪಗ್ರಹ ಚಿತ್ರದಾಗ ಹಿಂದಿನ ವರ್ಷಗಳ ಏಪ್ರಿಲ್, ಮೇ ತಿಂಗಳದ್ದು ತೆಗೀರಿ. ಜನವರಿ ಚಿತ್ರದಾಗ ತುಂಬಿ ಕಾಣೋ ಕೆರಿ ಏಪ್ರಿಲ್‌ನಾಗ ಒಡದ ಮಣ್ಣಾಗಿರಬಹುದು. ಎರಡು ಮೂರು ಬ್ಯಾಸಿಗಿಯಾಗೂ ಹಸಿರು ಉಳಿದ ಜಾಗ ಅಷ್ಟೇ ಗುರುತು ಹಾಕ್ರಿ. ಆಮ್ಯಾಲ ಅದನ್ನ ಹತ್ತಿರದ ತಾಂಡಾದಾಗ ಕೇಳ್ರಿ. ‘ನೀರು ಅದ ಏನು?’ ಅಂತಲ್ಲ, ‘ಯುಗಾದಿ ಆದಮ್ಯಾಲ ದನಕ್ಕ ಎಲ್ಲಿ ನೀರು ಕುಡಸ್ತೀರಿ?’ ಅಂತ. ಹಂಗ ಕೇಳಿದ್ರ ಖರೇ ಜಾಗ ಹೇಳ್ತಾರ.

ಕುರಿದೊಡ್ಡಿ:
ಮ್ಯಾಲಿನ ಮಾತು ಬರೋಬ್ಬರಿ ಅದ. ಗಿಡದ ಗುರುತು ಹೇಳ್ತೀನಿ: ಅತ್ತಿ, ಹೊಳಿಮತ್ತಿ, ಈಚಲ ಒಂದೇ ಕಡೆ ಗುಂಪಾಗಿದ್ರ ನೀರು ಮ್ಯಾಲೇ ಇರ್ತದ. ಜಾಲಿ ನೋಡಿ ಮೋಸ ಹೋಗಬ್ಯಾಡ್ರಿ, ಅದರ ಬೇರು ಬಹಳ ಆಳಕ್ಕ ಹೋಗ್ತದ. ಕಾಳು ತಿನ್ನೋ ಬೆಳವಕ್ಕಿ ದಿನಾ ನೀರು ಕುಡೀಬೇಕು. ಮುಂಜಾನಿ, ಸಂಜಿಮುಂದ ಒಂದೇ ದಿಕ್ಕಿಗೆ ಹಾರ್ತಿದ್ರ ಆ ಕಡೆ ನೋಡ್ರಿ. ಹದ್ದು, ಗಿಡುಗ ಇಂಥವಕ್ಕ ಬ್ಯಾಟಿಯಿಂದನೇ ನೀರು ಸಿಗ್ತದ, ಅವು ಗುರುತಲ್ಲ.

ಒಣ ಹಳ್ಳದಾಗ ವರತಿ ತೋಡೋದಾದ್ರ ತಿರುವಿನ ಹೊರಗಿನ ದಂಡಿ ಹಿಡೀರಿ. ಅದಕ್ಕಿಂತ ಛಲೋ ಜಾಗ ಅಂದ್ರ ಹಳ್ಳಕ್ಕ ಅಡ್ಡ ಕರಿಬಂಡಿ ಬಂದಿರೋದು. ಬಂಡಿಯ ಮ್ಯಾಲಿನ ಕಡೆ ಉಸುಕಿನಾಗ ನೀರು ತಡದು ನಿಂತಿರ್ತದ. ಎರಡು ಫೂಟ್ ತೋಡಿದ್ರೂ ಉಸುಕು ಹಸಿ ಹತ್ತಲಿಲ್ಲ ಅಂದ್ರ ಬಿಟ್ಟುಬಿಡ್ರಿ, ಸಿಗೋ ನೀರಿಗಿಂತ ಹೋಗೋ ಬೆವರು ಜಾಸ್ತಿ. ಹಸಿ ಹತ್ತಿದ್ರ ಇನ್ನೊಂದು ಫೂಟ್ ತೋಡಿ, ಮೊದಲ ಎರಡು ಸಲ ಕೂಡಿದ ನೀರು ಚೆಲ್ಲಿ, ಅರ್ಧ ತಾಸು ತಿಳಿಯಾಗ್ಲಿಕ್ಕೆ ಬಿಡ್ರಿ. ಹೋಗೋಮುಂದ ತೆಗ್ಗು ಮುಚ್ಚಿ ಹೋಗ್ರಿ.

ಅರಣ್ಯ ಇಲಾಖೆ ಕಟ್ಟಿಸಿದ ನೀರಿನ ತೊಟ್ಟಿ ಮುಟ್ಟಬ್ಯಾಡ್ರಿ. ಅದು ಪ್ರಾಣಿಗಳದ್ದು. ನೀವು ಅಲ್ಲಿ ಕೂತ್ರ ಅವು ಇಡೀ ಸಂಜಿ ಹತ್ರ ಬರಂಗಿಲ್ಲ.

ಮುಲ್ಲಾಮಾರಿ_ದಂಡಿ:
ಬಹಳ ಉಪಕಾರ ಆಯ್ತ್ರಿ. ವರತಿ ನೀರು ಹಂಗೇ ಕುಡೀಬಹುದೇನು?

ತಿಳಿನೀರು:
ಬ್ಯಾಡ್ರಿ ತಂಗೀ/ತಮ್ಮಾ, ಝರಿ ನೀರು ಸುದ್ದಾ ಹಂಗೇ ಬ್ಯಾಡ. ಕುದಿಸೋದು ಎಲ್ಲಕ್ಕಿಂತ ಛಲೋ, ಒಂದು ನಿಮಿಷ ಕೊತಕೊತ ಕುದ್ರ ಸಾಕು. ಆದ್ರ ಬ್ಯಾಸಿಗ್ಯಾಗ ಕಾಡಿನಾಗ ಬೆಂಕಿ ಹಚ್ಚಲೇಬಾರದು, ಒಣ ಹುಲ್ಲು ಕ್ಷಣದಾಗ ಹತ್ತಗೊಂತದ. ಅದಕ್ಕ ಕ್ಲೋರಿನ್ ಗುಳಿಗಿ ಒಯ್ರಿ. ಮೊದಲು ನಾಕು ಮಡಿಕಿ ಹತ್ತಿ ಅರಬಿಯಾಗ ಸೋಸಬೇಕು, ರಾಡಿ ಇದ್ರ ಕ್ಲೋರಿನ್ ರಾಡಿಯಾಗೇ ಖರ್ಚಾಗಿ ಹೋಗ್ತದ. ಒಂದು ಲೀಟರಿನ ಗುಳಿಗಿ, ಇಪ್ಪತ್ತು ಲೀಟರಿನ ಗುಳಿಗಿ ಬ್ಯಾರೆಬ್ಯಾರೆ ಇರ್ತಾವ, ಚೀಟಿ ಓದ್ರಿ. ಹಾಕಿ ಅರ್ಧ ತಾಸು ಬಿಡಬೇಕು. ಆಮ್ಯಾಲ ಸಣ್ಣಗ ಕ್ಲೋರಿನ್ ವಾಸನಿ ಬರಬೇಕು. ಬರಲಿಲ್ಲಂದ್ರ ಅಷ್ಟೇ ಮತ್ತ ಹಾಕಿ ಇನ್ನರ್ಧ ತಾಸು ಕಾಯ್ರಿ.

ತೊಗರಿ, ಹತ್ತಿ ಹೊಲದ ಕೆಳಗಿನ ಕೃಷಿ ಹೊಂಡದ ನೀರು ಬ್ಯಾಡವೇ ಬ್ಯಾಡ. ಹೊಡದ ಔಷಧ ಕುದಿಸಿದ್ರೂ ಹೋಗಂಗಿಲ್ಲ, ಗುಳಿಗಿಗೂ ಹೋಗಂಗಿಲ್ಲ.

ಹೊರೋ ಲೆಕ್ಕ: ಆ ಬಿಸಲಾಗ ನಡದ್ರ ತಾಸಿಗೆ ಮುಕ್ಕಾಲು ಲೀಟರ್ ಬೇಕಾಗ್ತದ. ಹತ್ತು ಗಂಟಿ ಒಳಗ, ನಾಕರ ಮ್ಯಾಲ ಅಷ್ಟೇ ನಡೀತೀವಿ ಅಂದ್ರೂ ಒಬ್ಬೊಬ್ರಿಗೆ ದಿನಕ್ಕ ಐದಾರು ಲೀಟರ್ ಇರಲಿ, ಜೊತಿಗೆ ಎರಡು ಓಆರ್‌ಎಸ್ ಪಾಕೀಟು. ಅರ್ಧ ನೀರು ತೀರಿದಾಗ ಮುಂದಿನ ಜಾಗ ಕಣ್ಣಿಗೆ ಬಿದ್ದಿರಲಿಲ್ಲ ಅಂದ್ರ ಅಲ್ಲಿಂದನೇ ಹೊಳ್ಳಿ ಬರ್ರಿ.

ಕೆಂಪು_ಮುರುಮ:
ಒಂದು ಬಿಟ್ಟಿದ್ದೆ. ನಾ ಹೇಳಿದ ಲೆಕ್ಕ ಸೇಡಂ, ಚಿತ್ತಾಪುರ ಕಡೆ ನಡಿಯಂಗಿಲ್ಲ. ಅಲ್ಲಿ ಸುಣ್ಣಕಲ್ಲು. ಹಳೇ ಫರಶಿ ಖಣಿಯೊಳಗ ಬ್ಯಾಸಿಗ್ಯಾಗೂ ನೀರು ಕಾಣ್ತದ, ಆದ್ರ ಗ್ವಾಡಿ ನೆಟ್ಟಗ ಕಡದಿರ್ತಾರ, ಇಳದವ್ರು ಮ್ಯಾಲ ಬರ್ಲಿಕ್ಕೆ ಹಿಡಿ ಸಿಗಂಗಿಲ್ಲ. ಹಗ್ಗಕ್ಕ ಡಬ್ಬಿ ಕಟ್ಟಿ ಮ್ಯಾಲಿಂದನೇ ಸೇದ್ರಿ, ಅದೂ ಅಂಚಿನಾಗ ಕಲ್ಲು ಸಡಿಲ ಇಲ್ಲ ಅಂತ ನೋಡಿಕೊಂಡು.