ಮಕ್ಕಳಿಲ್ಲದಿದ್ರೂ ತೆರಿಗೆ? ರೊಮೇನಿಯಾದ ಕಥೆ ನಿಜಾನಾ?

ಪ್ರಶ್ನೆ: ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಕಾಲದಲ್ಲಿ ರೊಮೇನಿಯಾದ ಸರ್ಕಾರ ಜನರ ಮಲಗುವ ಕೋಣೆಗೂ ಕಾನೂನು ಮಾಡಿತ್ತಂತೆ. ನಿಜಾನಾ, ಸುಮ್ನೆ ಕಟ್ಟಿದ್ದಾ?

ಉತ್ತರ: ನಿಜ ಗುರೂ. 1966ರಲ್ಲಿ ಡಿಕ್ರಿ 770 ಅನ್ನೋ ಸರ್ಕಾರಿ ಆದೇಶ ಬಂತು, ಗರ್ಭಪಾತ ಬಂದ್. 45 ದಾಟಿದವರು, ನಾಲ್ಕು ಮಕ್ಕಳಾದವರು, ಅಂಥ ಕೆಲವರಿಗೆ ಮಾತ್ರ ವಿನಾಯಿತಿ. ಮಾರನೇ ವರ್ಷ ಹೆರಿಗೆ ಹತ್ತಿರ ಹತ್ತಿರ ಎರಡು ಪಟ್ಟು! ಆಮೇಲೆ ಜನ ಕಳ್ಳದಾರಿ ಹುಡುಕಿಕೊಂಡರು, ಸಂಖ್ಯೆ ಮತ್ತೆ ಇಳಿಯಿತು. 25 ದಾಟಿಯೂ ಮಕ್ಕಳಿಲ್ಲ ಅಂದರೆ, ಮದುವೆ ಆಗಿರಲಿ ಬಿಡಲಿ, ತೆರಿಗೆ ಕಟ್ಟಬೇಕು. 80ರ ದಶಕದಲ್ಲಂತೂ ಕಾರ್ಖಾನೆಗೇ ಡಾಕ್ಟರು ಬಂದು ಹೆಂಗಸರನ್ನು ಪರೀಕ್ಷೆ ಮಾಡುತ್ತಿದ್ದರು, ಬಸುರಿ ಅಂತ ಗೊತ್ತಾದರೆ ಹೆರಿಗೆಯವರೆಗೂ ಅವಳ ಮೇಲೆ ಒಂದು ಕಣ್ಣು.

ಉತ್ತರ: ಕಳ್ಳ ಗರ್ಭಪಾತದಲ್ಲಿ ಸಾವಿರಾರು ಹೆಂಗಸರು ಸತ್ತರು, ಅದನ್ನೂ ಹೇಳಿ ಸಾರ್. ರಕ್ತ ಸೋರುತ್ತಾ ಆಸ್ಪತ್ರೆಗೆ ಬಂದವಳಿಗೆ ಮೊದಲು ಪೊಲೀಸರ ಪ್ರಶ್ನೆ, ಯಾರು ಮಾಡಿದ್ದು ಅಂತ. ಚಿಕಿತ್ಸೆ ಆಮೇಲೆ. ಇದಕ್ಕೆ ನೀತಿ ಅಂತ ಹೆಸರು ಬೇರೆ, ಥೂ.

ಉತ್ತರ: ಸಲಿಂಗ ಸಂಬಂಧಕ್ಕೂ ಜೈಲಿತ್ತು, ದಂಡಸಂಹಿತೆಯ 200ನೇ ವಿಧಿ. ತಮಾಷೆ ನೋಡಿ, 1989ರ ಡಿಸೆಂಬರ್ 25ಕ್ಕೆ ಚೌಶೆಸ್ಕುಗೆ ಗುಂಡಿಟ್ಟರು, ಮಾರನೇ ದಿನವೇ ಡಿಕ್ರಿ 770 ರದ್ದು. ಆದರೆ 200ನೇ ವಿಧಿ ಪೂರ್ತಿ ಹೋಗಿದ್ದು 2001ರಲ್ಲಿ!

ಪ್ರಶ್ನೆ ಕೇಳಿದವರು: ಅಬ್ಬಾ, ಇಷ್ಟೊಂದು ಅಂದುಕೊಂಡಿರಲಿಲ್ಲ. ಗಂಡಸರನ್ನೂ ಹಾಗೇ ಪರೀಕ್ಷೆ ಮಾಡ್ತಿದ್ರಾ?

ಉತ್ತರ: ಇಲ್ಲ, ಅವರಿಗೆ ತೆರಿಗೆ ಮಾತ್ರ.